ಘಾಟಿನ ಜಾಡು ಹಿಡಿದ ಪ್ರಿಯಾಂಕಾ

ಬ್ಯಾಡಗಿಯಲ್ಲಿ ಹೊರಗಿನವರನ್ನು ಗುರುತಿಸುವುದು ಸುಲಭ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಗೆ ಕಾಲಿಟ್ಟ ಕೂಡಲೇ ಅವರು ಸೀನುತ್ತಾರೆ. ಊರಿನವರು ಸೀನುವುದಿಲ್ಲ, ಸೀನಿದವರ ಕಡೆ ತಿರುಗಿ, ಯಾವೂರ್ರಿ ಎಂದು ನಗುತ್ತ ವಿಚಾರಿಸುತ್ತಾರೆ. ಆ ಓಣಿಯ ನಡುವೆ, ಖಾರದ ಪುಡಿಯ ಎರಡು ಗಿರಣಿಗಳ ಮಧ್ಯೆ ಸಿಕ್ಕಿಕೊಂಡಂತಿರುವ ತಗಡಿನ ಶೆಡ್ಡಿನಲ್ಲಿ ಬೆಳೆದವಳು ಪ್ರಿಯಾಂಕಾ. ಮನೆ ಇರುವುದು ಮೋಟೆಬೆನ್ನೂರಿನಲ್ಲಿ. ಆದರೆ ಎಲ್ಲಿ ಬೆಳೆದೆ ಎಂದು ಕೇಳಿದರೆ ಅವಳು ಶೆಡ್ಡನ್ನೇ ಹೇಳುತ್ತಾಳೆ.

ಅದಕ್ಕೆ ಕಾರಣವಿದೆ. ತಾಯಿ ಮಂಗಳವ್ವ ಮಾರುಕಟ್ಟೆಯ ಗೋದಾಮೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ತಂಡ ನಡೆಸುತ್ತಾಳೆ. ತಂದೆ ಗುಡದಪ್ಪನದು ಆ ಶೆಡ್ಡಿನಲ್ಲಿ ರಿಪೇರಿ ಕೆಲಸ. ಮೂವರೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬ್ಯಾಡಗಿಗೆ ಬಂದರೆ ಸಂಜೆ ಒಂದೇ ಬಸ್ಸಿನಲ್ಲಿ ವಾಪಸು. ಶಾಲೆ ಬಿಟ್ಟಮೇಲೆ ಬಸ್ಸಿನ ಹೊತ್ತಿನವರೆಗೆ ಪ್ರಿಯಾಂಕಾ ಇರಬೇಕಾದದ್ದು ಎಲ್ಲಿ? ಗೋದಾಮಿನಲ್ಲಿ ಕೂತರೆ ಅವ್ವ ಕೈಗೆ ಕೆಲಸ ಕೊಡುತ್ತಾಳೆ. ಶೆಡ್ಡಿನಲ್ಲಿ ಕೂತರೆ ಅಪ್ಪ ಬ್ಯಾಟರಿ ಹಿಡಿದು ಬೆಳಕು ಬಿಡಲು ಹೇಳುತ್ತಾನೆ. ಅವಳು ಬ್ಯಾಟರಿಯನ್ನು ಆರಿಸಿಕೊಂಡಳು.

ಶೆಡ್ಡಿನ ಮೇಲೆ ಒಂದು ಫಲಕವಿದೆ. ಬಣ್ಣ ಹೋಗಿ ಅರ್ಧ ಅಕ್ಷರಗಳು ಉಳಿದಿದ್ದರೂ ಓದಬಹುದು: ‘ಇಲ್ಲಿ ಎಲ್ಲಾ ತರದ ರಿಪೇರಿ ಮಾಡಿಕೊಡಲಾಗುವುದು’. ಅದು ಬರೀ ಬರಹವಲ್ಲ. ಹೊಲದ ಪಂಪು, ಹಿಟ್ಟಿನ ಗಿರಣಿ, ಔಷಧಿ ಹೊಡೆಯುವ ಯಂತ್ರ, ಚೀಲದ ಬಾಯಿ ಹೊಲಿಯುವ ಮಷಿನ್ನು, ಮದುವೆ ಮಂಟಪದ ಕೂಲರ್, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ ಕೂಡ ಗುಡದಪ್ಪನ ಮುಂದೆ ಬಂದು ಬಿಚ್ಚಿಕೊಂಡು ಕೂತಿದೆ. ರಾಣೇಬೆನ್ನೂರಿನ ಲೇತ್ ಅಂಗಡಿಯಲ್ಲಿ ಕೆಲಸ ಕಲಿತ ಆತನಿಗೆ ಕೆಟ್ಟ ಯಂತ್ರಗಳ ಜೊತೆ ಮಾತಾಡುವ ರೂಢಿ. ‘ಯಾಕಪಾ, ಏನಾಗೇತಿ ನಿನಗ? ನಿನ್ನೆ ಚಲೋ ಇದ್ದೆಲ್ಲ’ ಎಂದು ಮೋಟರಿನ ಬೆನ್ನು ತಟ್ಟುತ್ತಾನೆ. ಅದು ತಿರುಗಿದರೆ ಶಹಬ್ಬಾಸ್, ತಿರುಗದಿದ್ದರೆ ಅದರ ವಂಶವನ್ನೆಲ್ಲ ಬೈಯುತ್ತಾನೆ.

ಪ್ರಿಯಾಂಕಾ ಐದನೇ ಇಯತ್ತೆಯಲ್ಲಿದ್ದಾಗ ಯಾರಿಗೂ ಹೇಳದೆ ಅವ್ವನ ಮಿಕ್ಸರ್ ಬಿಚ್ಚಿ ಮತ್ತೆ ಜೋಡಿಸಿದ್ದಳು. ಮಿಕ್ಸರ್ ತಿರುಗಿತು. ಆದರೆ ಒಂದು ಸ್ಕ್ರೂ ಉಳಿದುಬಿಟ್ಟಿತ್ತು. ಗುಡದಪ್ಪ ಅದನ್ನು ದಾರಕ್ಕೆ ಕಟ್ಟಿ ಶೆಡ್ಡಿನ ತೊಲೆಗೆ ತೂಗುಹಾಕಿದ. ಮಗಳು ತನಗೆಲ್ಲ ಗೊತ್ತು ಎನ್ನುವಂತೆ ಮಾತಾಡಿದಾಗಲೆಲ್ಲ ಆತ ಬಾಯಿ ತೆರೆಯದೆ ಮೇಲೆ ಬೊಟ್ಟು ಮಾಡುತ್ತಿದ್ದ. ಆ ಮಿಕ್ಸರ್ ಈಗಲೂ ನಡೆಯುತ್ತಿದೆ, ಆ ಸ್ಕ್ರೂ ಇಲ್ಲದೆಯೇ.

ಇಂಥ ಹುಡುಗಿ ಹಾವೇರಿಯಲ್ಲಿ ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಪಡೆದಾಗ ಓಣಿಗೆ ಓಣಿಯೇ ಪೇಡೆ ತಿಂದಿತು. ಎಂಜಿನಿಯರಿಂಗ್ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾವ ಎಂಜಿನಿಯರಿಂಗ್ ಎಂಬ ಪ್ರಶ್ನೆಗೂ ಉತ್ತರ ಕೊಟ್ಟವರು ಪಕ್ಕದ ಗಿರಣಿಯ ಮಾಲೀಕ, ದಲಾಲಿ ಅಂಗಡಿಯ ರುದ್ರಮುನಿ ಸಾವ್ಕಾರರು. ಪೇಡೆಯ ಚೂರು ಬಾಯಲ್ಲಿದ್ದಾಗಲೇ ಅವರು ತೀರ್ಪು ಹೇಳಿದರು.

“ಗುಡದಪ್ಪಾ, ಮಗಳನ್ನ ಫುಡ್ ಟೆಕ್ನಾಲಜಿಗೆ ಹಾಕು. ಊರ ತುಂಬ ಮೆಣಸಿನಕಾಯಿ ಬಿದ್ದೈತಿ, ಅದನ್ನ ಓದಿದಾಕಿ ಒಬ್ಬಾಕಿನೂ ಇಲ್ಲ. ಓದಿ ಬರಲಿ, ನಮ್ಮ ಗಿರಣಿಯಾಗ ಕುರ್ಚಿ ಹಾಕಿಸ್ತೇನಿ.”

ಗುಡದಪ್ಪನಿಗೆ ಆ ಮಾತು ಬಹಳ ಹಿಡಿಸಿತು. ರಾಣೇಬೆನ್ನೂರಿನ ಹೊರಗಿನ ಕಾಲೇಜೊಂದರಲ್ಲಿ ಆ ವಿಭಾಗ ಹೊಸದಾಗಿ ತೆರೆದಿತ್ತು. ಮಗಳ ರ್‍ಯಾಂಕಿಗೆ ಅಲ್ಲಿ ಸೀಟು ಸಿಗುವಂತಿತ್ತು. ಇನ್ನೊಂದು ದಾರಿ ಹಾವೇರಿಯ ಸರ್ಕಾರಿ ಕಾಲೇಜಿನ ಮೆಕ್ಯಾನಿಕಲ್. ಅದೂ ಸಿಗುವಂತಿತ್ತು. ಆದರೆ ಆ ಎರಡನೆಯದನ್ನು ಗುಡದಪ್ಪ ಲೆಕ್ಕಕ್ಕೇ ಹಿಡಿಯಲಿಲ್ಲ. ಚಹಾದಂಗಡಿಯಿಂದ ಹಿಡಿದು ರೈಲ್ವೆ ಸ್ಟೇಷನ್ನಿನವರೆಗೆ, ನಮ್ಮ ಪ್ರಿಯಾ ಖಾರದ ಎಂಜಿನಿಯರ್ ಆಗುತ್ತಾಳೆ ಎಂದು ಹೇಳಿಕೊಂಡು ಬಂದ. ಊರಿಗೆ ಆ ಹೆಸರು ರುಚಿಸಿತು. ಚೀಲ ಹೊರುವ ಹಮಾಲರು ಅವಳನ್ನು ಕಂಡರೆ, ದಾರಿ ಬಿಡ್ರೋ ಖಾರದ ಎಂಜಿನಿಯರ್ ಬಂದ್ರು ಎಂದು ಪಕ್ಕಕ್ಕೆ ಸರಿದು ನಿಲ್ಲತೊಡಗಿದರು.

ಗುಡದಪ್ಪನ ಉತ್ಸಾಹದ ಹಿಂದೆ ಒಂದು ಹಳೆಯ ಕೊರಗಿತ್ತು. ಆತ ಅದನ್ನು ಹೆಂಡತಿಯ ಮುಂದೆ ಮಾತ್ರ ಹೇಳಿಕೊಂಡಿದ್ದ. ಓಣಿಯ ತುದಿಯಲ್ಲಿ ಸರ್ಫರಾಜನ ಅಂಗಡಿಯಿದೆ. ತೂಕದ ಕಾಟಾ ರಿಪೇರಿ ಬಿಟ್ಟು ಆತ ಬೇರೇನೂ ಮುಟ್ಟುವುದಿಲ್ಲ. ಗುತ್ತಲದಿಂದ, ಹಿರೇಕೆರೂರಿನಿಂದ ಬರುವವರೂ ಬಸ್ ಇಳಿದವರೇ ‘ಕಾಟಾ ಸರ್ಫರಾಜಭಾಯಿ ಎಲ್ಲಿ’ ಎಂದು ಹೆಸರು ಹಿಡಿದು ಕೇಳುತ್ತಾರೆ. ಗುಡದಪ್ಪನನ್ನು ಹುಡುಕಿ ಬರುವವರು ‘ಇಲ್ಲಿ ರಿಪೇರಿಯಾಂವ ಒಬ್ಬ ಇದ್ದನಲ್ಲ’ ಎನ್ನುತ್ತಾರೆ. ಎಲ್ಲ ಗೊತ್ತಿದ್ದೂ ಯಾವುದರ ಜೊತೆಗೂ ತನ್ನ ಹೆಸರು ಅಂಟಲಿಲ್ಲ. ಮಗಳದ್ದು ಅಂಟಬೇಕು ಎಂಬುದು ಆತನ ಆಸೆ.

ತಮಾಷೆಯೆಂದರೆ ಸರ್ಫರಾಜನ ಅಭಿಪ್ರಾಯ ಪೂರಾ ಉಲ್ಟಾ ಇತ್ತು. ಸಂಜೆ ಚಹಾ ಕುಡಿಯಲು ಶೆಡ್ಡಿಗೆ ಬಂದವನು ತನ್ನ ಕಥೆ ಹೇಳಿದ. ಅಪ್ಪನಿಂದ ಕಲಿತದ್ದು ಕಬ್ಬಿಣದ ತಕ್ಕಡಿಯ ವಿದ್ಯೆ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನೋಡನೋಡುತ್ತ ಮಾರುಕಟ್ಟೆಗೆ ಎಲೆಕ್ಟ್ರಾನಿಕ್ ಕಾಟಾ ಬಂತು. ಕೈಗೆ ಬಂದ ವಿದ್ಯೆಯೆಲ್ಲ ತುಕ್ಕು ಹಿಡಿಯಿತು. ನೆರೆತ ಗಡ್ಡ ಹೊತ್ತು ಹುಬ್ಬಳ್ಳಿಗೆ ಹೋಗಿ, ಮೀಸೆ ಮೂಡದ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಮೊದಲಿನಿಂದ ಕಲಿಯಬೇಕಾಯಿತು.

“ನೋಡವಾ ಪ್ರಿಯಾ, ಒಂದಕ್ಕ ಗಂಟ ಬೀಳಬ್ಯಾಡ. ಮೆಕ್ಯಾನಿಕಲ್ ಮಾಡು. ನಾಳಿ ಏನ ಬಂದ್ರೂ ಕೈ ಹಾಕಬೋದು, ನಿಮ್ಮಪ್ಪನಂಗ.”

“ನನ್ನಂಗ ಆಗೂದು ಬ್ಯಾಡ ಅಂತನ ನಾ ಹೇಳಾಕತ್ತೇನಿ,” ಎಂದ ಗುಡದಪ್ಪ.

“ನನ್ನಂಗ ಆಗೂದು ಬ್ಯಾಡ ಅಂತ ನಾನೂ ಹೇಳಾಕತ್ತೇನಿ,” ಎಂದ ಸರ್ಫರಾಜ.

ಒಬ್ಬರಿಗೊಬ್ಬರ ಬದುಕು ಇಷ್ಟು ಚಂದ ಕಾಣುತ್ತಿದ್ದುದನ್ನು ಕಂಡು ಪ್ರಿಯಾಂಕಾ ನಕ್ಕಳು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಮಂಗಳವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಹಗಲೆಲ್ಲ ಹತ್ತಾರು ಹೆಂಗಸರ ಮಾತಿನ ನಡುವೆ ಕೂತು ಅವಳ ಕಿವಿ ಪಳಗಿತ್ತು.

“ಇಬ್ಬರೂ ನಿಮ್ಮ ನಿಮ್ಮ ಪುರಾಣ ಹೇಳಿದ್ರಿ. ಹುಡುಗಿ ಏನಂತಾಳ ಅಂತ ಯಾರರ ಕೇಳೀರೇನು?” ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು. “ಹೇಳ ಮತ್ತ. ನಿನಗೇನ ಬೇಕು?”

ಪ್ರಿಯಾಂಕಾ ಬಾಯಿ ತೆರೆದಳು. ಎರಡೂ ಚಲೋ ಅದಾವು ಅವ್ವಾ ಎಂಬ ಮಾತಷ್ಟೇ ಹೊರಬಂತು.

“ಮದುವಿ ಪಂಕ್ತ್ಯಾಗ ಕುಂತಂಗ ಮಾಡ್ತಿ ನೋಡು. ಬಡಸಿದ್ದಕ್ಕೆಲ್ಲಾ ಹೂಂ ಅನ್ನೂದು,” ಎಂದು ಮಂಗಳವ್ವ ಬುತ್ತಿಚೀಲ ಎತ್ತಿಕೊಂಡಳು.

ಮಾತು ಚುಚ್ಚಿತು, ಯಾಕೆಂದರೆ ಅದು ನಿಜವಾಗಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಪ್ರಿಯಾಂಕಾ ತನ್ನನ್ನೇ ಕೇಳಿಕೊಂಡಳು. ಅಪ್ಪ ಹೇಳಿದಾಗ ಫುಡ್ ಟೆಕ್ನಾಲಜಿ ಸರಿ ಅನಿಸುತ್ತದೆ: ಒಂದೇ ವಿಷಯ, ಆಳಕ್ಕೆ ಇಳಿಯಬಹುದು, ಊರಿನದೇ ಬೆಳೆ. ಸರ್ಫರಾಜ ಕಾಕಾ ಹೇಳಿದಾಗ ಮೆಕ್ಯಾನಿಕಲ್ ಸರಿ ಅನಿಸುತ್ತದೆ: ಅಗಲವಾದ ವಿಷಯ, ಯಾವ ಬಾಗಿಲೂ ಮುಚ್ಚುವುದಿಲ್ಲ. ಅವಳದೇ ಎನ್ನುವ ಒಂದು ಕಾರಣ ಮಾತ್ರ ಎರಡರಲ್ಲೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಯಾವುದನ್ನು ಮೊದಲ ಆಯ್ಕೆಯಾಗಿ ತುಂಬುತ್ತಾಳೋ ಬಹುತೇಕ ಅದೇ ಸಿಗುವುದಿತ್ತು, ಆ ವಾರವೇ ತುಂಬಬೇಕಿತ್ತು. ನಾಲ್ಕು ವರ್ಷದ ಓದು, ಅದರಾಚೆಯ ಕೆಲಸ ಎಲ್ಲವೂ ಆ ಒಂದು ಸಾಲಿನ ಮೇಲೆ ನಿಂತಿತ್ತು.

ಅದೇ ವಾರ ರಾಣೇಬೆನ್ನೂರಿನ ಆ ಕಾಲೇಜು ವಿದ್ಯಾರ್ಥಿಗಳಿಗೂ ಪಾಲಕರಿಗೂ ತನ್ನ ಹೊಸ ಪ್ರಯೋಗಾಲಯ ತೋರಿಸಲು ಒಂದು ದಿನ ಗೊತ್ತು ಮಾಡಿತ್ತು. ಗುಡದಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಮಂಗಳವ್ವ ತನ್ನ ಕೈಯಾರೆ ಆರಿಸಿದ ಡಬ್ಬಿ ಜಾತಿಯ ಮೆಣಸಿನಕಾಯಿಯ ಒಂದು ಪೊಟ್ಟಣ ಕಟ್ಟಿಕೊಟ್ಟಳು.

ಪ್ರಯೋಗಾಲಯ ತೋರಿಸಿದವರು ಶ್ವೇತಾ ಎಂಬ ಯುವ ಉಪನ್ಯಾಸಕಿ. ಬಣ್ಣ ಅಳೆಯುವ ಯಂತ್ರ, ತೇವ ನೋಡುವ ಯಂತ್ರ, ಎಣ್ಣೆ ತೆಗೆಯುವ ಗಾಜಿನ ಕೊಳವೆ, ಎಲ್ಲವನ್ನೂ ಸಮಾಧಾನದಿಂದ ವಿವರಿಸಿದರು. ಮಂಗಳವ್ವನ ಪೊಟ್ಟಣವನ್ನು ಸಂತೋಷದಿಂದ ತೆಗೆದುಕೊಂಡು ಮೂಸಿ ನೋಡಿದರು. ಕೊನೆಗೆ ಮೇಜಿನ ಮೇಲಿದ್ದ ಚಿಕ್ಕ ಗ್ರೈಂಡರಿನಲ್ಲಿ ಖಾರ ಪುಡಿ ಮಾಡಿ ಬಣ್ಣ ಅಳೆದು ತೋರಿಸುತ್ತೇನೆಂದರು. ಬ್ಯಾಡಗಿಯಿಂದ ಬಂದವಳೆಂದು ಪ್ರಿಯಾಂಕಾಳನ್ನೇ ಕರೆದು, ಗಾಜಿನ ಭರಣಿಯಲ್ಲಿದ್ದ ಮೆಣಸಿನಕಾಯಿಯ ತರಿಯನ್ನು ಎರಡು ಚಮಚ ಹಾಕು ಎಂದು ಹೇಳಿ, ಯಾರೋ ಪಾಲಕರು ಹಾಸ್ಟೆಲ್ ಬಗ್ಗೆ ಕೇಳಿದ್ದಕ್ಕೆ ಉತ್ತರಿಸಲು ಆಚೆ ತಿರುಗಿದರು.

ಮುಂದೆ ಆದದ್ದು ಬ್ಯಾಡಗಿಯವರಿಂದ ಮಾತ್ರ ಆಗಬಹುದಾದ ತಪ್ಪು. ಅಲ್ಲಿನವರ ಕಣ್ಣಿಗೆ ಮೆಣಸಿನಕಾಯಿ ಎಂದರೆ ಮೊದಲು ಬಣ್ಣ. ಅಲ್ಲಿನ ಕಾಯಿ ಸುಕ್ಕುಗಟ್ಟಿದ್ದು, ಕಡುಗೆಂಪು, ಖಾರ ಕಡಿಮೆ. ಸಾರಿಗೆ ಬಣ್ಣ ಬರಲಿಲ್ಲವೆಂದರೆ ಇನ್ನೊಂದು ಹಿಡಿ ಹಾಕುವುದು ಅಲ್ಲಿನ ಅಡುಗೆಮನೆಯ ಕ್ರಮ. ಹಾಕಿದವರಿಗೂ ಉಂಡವರಿಗೂ ಏನೂ ಆಗುವುದಿಲ್ಲ. ಇಡೀ ಕಾಯಿ ಇದ್ದಿದ್ದರೆ ತಂದೆ ಮಗಳು ನೋಡಿದ ಕೂಡಲೇ ಜಾತಿ ಹೇಳುತ್ತಿದ್ದರು. ಭರಣಿಯಲ್ಲಿದ್ದದ್ದು ಬರೀ ತರಿ, ಅದೂ ತಿಳಿಗೆಂಪು. ಎರಡು ಚಮಚ ಬಿದ್ದದ್ದನ್ನು ಗುಡದಪ್ಪ ಬಗ್ಗಿ ನೋಡಿದ. ಸಾವ್ಕಾರರ ಗಿರಣಿಯ ಮಗ್ಗುಲಲ್ಲಿ ಆಯುಷ್ಯ ಕಳೆದವನಿಗೆ ಅದು ಅವಮಾನದಂತೆ ಕಂಡಿತು.

“ಇದಕ್ಕೇನ ಬಣ್ಣ ಬರ್ತೈತಿ? ಇನ್ನಷ್ಟ ಹಾಕವಾ.”

ಪ್ರಿಯಾಂಕಾಳಿಗೂ ಹಾಗೇ ಅನಿಸಿತ್ತು. ಭರಣಿಯನ್ನೇ ಬಗ್ಗಿಸಿದಳು. ತರಿ ಕಂಠದವರೆಗೆ ತುಂಬಿತು. ಮುಚ್ಚಳ ಸರಿಯಾಗಿ ಕೂರಲಿಲ್ಲ. ಕೈಯಿಂದ ಒತ್ತಿ ಹಿಡಿದು ಗುಂಡಿ ಒತ್ತಿದಳು. ಅದು ಖಾರಕ್ಕೆಂದೇ ಬೆಳೆಯುವ ಬೇರೆ ಸೀಮೆಯ ತಳಿ ಎಂಬುದು ಮುಚ್ಚಳದ ಸಂದಿಯಿಂದ ಮೊದಲ ಕೆಂಪು ಹೊಗೆ ಎದ್ದಾಗ ಎಲ್ಲರಿಗೂ ಏಕಕಾಲಕ್ಕೆ ತಿಳಿಯಿತು.

ಪಾಲಕರು ಬಾಗಿಲಿಗೆ ಓಡಿದರು. ಶ್ವೇತಾ ಮೇಡಂ ಗ್ರೈಂಡರಿನ ಸ್ವಿಚ್ ಆರಿಸಿ, ಕೆಮ್ಮುತ್ತಲೇ ಎಲ್ಲರನ್ನೂ ಎಣಿಸಿ ಹೊರಗೆ ಕಳಿಸಿದರು. ಗುಡದಪ್ಪ ವರಾಂಡದ ಕಂಬ ಹಿಡಿದು ಸೀನಿದ, ಮತ್ತೆ ಸೀನಿದ, ನಿಲ್ಲಲಿಲ್ಲ. ಅಪ್ಪ ಸೀನಿದ್ದನ್ನು ಪ್ರಿಯಾಂಕಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಮರುಕದಿಂದ ವಿಚಾರಿಸಿದರು.

“ಯಾವೂರ್ರಿ ನಿಮ್ಮದು?”

ಗುಡದಪ್ಪನಿಗೆ ಬ್ಯಾಡಗಿ ಎನ್ನಲು ಬಾಯಿ ಬರಲಿಲ್ಲ. “ಮೋಟೆಬೆನ್ನೂರ್ರಿ,” ಎಂದು ಮುಖ ಆಚೆ ತಿರುಗಿಸಿದ.

ಪ್ರಿಯಾಂಕಾ ನಲ್ಲಿಯ ಕೆಳಗೆ ಮುಖ ಒಡ್ಡಿ ನಿಂತಿದ್ದಳು. ನಾಚಿಕೆಯಿಂದ ಭೂಮಿಗೆ ಇಳಿದುಹೋಗುವಂತಾಗಿತ್ತು. ಕ್ಷಮೆ ಕೇಳಿದಾಗ ಶ್ವೇತಾ ಮೇಡಂ ಮೂಗು ಒರೆಸಿಕೊಳ್ಳುತ್ತ, ಭರಣಿಯ ಮೇಲೆ ಬರೀ ನಂಬರ್ ಹಾಕಿಟ್ಟದ್ದು ತನ್ನದೇ ತಪ್ಪು ಎಂದು ನಕ್ಕುಬಿಟ್ಟರು. ಪಕ್ಕದಲ್ಲಿ ಗುತ್ತಲದ ಶ್ರೀದೇವಿ ಎಂಬ ಹುಡುಗಿ ಇದ್ದಳು. ಅವಳ ಕಣ್ಣೂ ದಾಸವಾಳದಂತಾಗಿತ್ತು, ಆದರೂ ಮೇಡಂ ಅವರನ್ನು ಬಿಡದೆ ಕೇಳುತ್ತಿದ್ದಳು: ಅದರಾಗ ಏನೈತ್ರಿ ಇಷ್ಟ ಖಾರ ಇರಾಕ? ಬಣ್ಣ ಕಡಿಮಿ ಇದ್ರ ಖಾರ ಹೆಚ್ಚ ಇರ್ತೈತೇನು? ಬೀಜದಾಗ ಇರ್ತೈತೋ, ತೊಗಟ್ಯಾಗ ಇರ್ತೈತೋ? ಮೇಡಂ ಖುಷಿಯಾಗಿ ಒಂದೊಂದಕ್ಕೂ ಉತ್ತರಿಸುತ್ತಿದ್ದರು.

ಪ್ರಿಯಾಂಕಾಳ ಕಿವಿಗೆ ಆ ಉತ್ತರಗಳು ಬೀಳಲಿಲ್ಲ. ಅವಳು ಪ್ರಯೋಗಾಲಯದ ಗೋಡೆಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದಳು. ಒಳಗಿನ ಗಾಳಿಯನ್ನು ಹೊರಗೆ ಎಳೆದುಹಾಕುವ ದೊಡ್ಡ ಫ್ಯಾನು ಅದು. ಜೋರಾಗಿಯೇ ತಿರುಗುತ್ತಿತ್ತು. ಆದರೂ ಘಾಟೆಲ್ಲ ಜನರ ಬೆನ್ನು ಹತ್ತಿ ಬಾಗಿಲಿನಿಂದ ಬಂದಿತ್ತು. ಹಾಗಾದರೆ ಫ್ಯಾನು ಎಳೆಯುತ್ತಿರುವುದು ಏನನ್ನು?

ಕಟ್ಟಡ ಸುತ್ತಿ ಹಿಂದಕ್ಕೆ ಹೋದಳು. ಫ್ಯಾನಿನ ಹೊರಬಾಯಿಗೆ ಮುಖ ಒಡ್ಡಿದಳು. ಧಾರಾಳವಾಗಿ ಗಾಳಿ ಬರುತ್ತಿತ್ತು, ಘಾಟು ಬಹಳ ಕಡಿಮೆ. ಫ್ಯಾನಿಗೆ ಹತ್ತಿಕೊಂಡೇ ಒಂದು ಕಿಟಕಿ. ಸೆಕೆಯೆಂದು ಯಾರೋ ಅದನ್ನು ಪೂರಾ ತೆರೆದಿಟ್ಟಿದ್ದರು. ವೇಲಿನ ತುದಿ ಹಿಡಿದು ಕಿಟಕಿಯ ಮುಂದೆ ಚಾಚಿದಳು. ಅದು ಫಡಫಡನೆ ಒಳಕ್ಕೆ ಹಾರಿತು. ಹೊರಗಿನ ಗಾಳಿ ಕಿಟಕಿಯಿಂದ ಒಳಗೆ ಹೋಗಿ, ಅಲ್ಲೇ ತಿರುಗಿ, ಫ್ಯಾನಿನಿಂದ ಹೊರಗೆ ಬರುತ್ತಿತ್ತು. ಕೋಣೆಯ ನಡುವಿನ ಘಾಟು ಇದ್ದಲ್ಲೇ ಇತ್ತು.

ಅವಳು ಮೂಗಿಗೆ ವೇಲು ಕಟ್ಟಿಕೊಂಡು ಒಳಗೆ ಹೋಗಿ ಆ ಕಿಟಕಿ ಮುಚ್ಚಿದಳು. ಎದುರು ಗೋಡೆಯ ಬಾಗಿಲು ಮಾತ್ರ ತೆರೆದಿಟ್ಟಳು. ಮತ್ತೆ ಓಡಿ ಹಿಂದಕ್ಕೆ ಬಂದು ಫ್ಯಾನಿನ ಮುಂದೆ ನಿಂತಳು. ಈ ಸಲ ಬಂದದ್ದು ನಿಜವಾದ ಘಾಟು. ಮುಖಕ್ಕೆ ಬಡಿದು, ಉಸಿರು ಕಟ್ಟಿ, ಕೆಮ್ಮುತ್ತ, ಅವಳು ಗಟ್ಟಿಯಾಗಿ ನಗತೊಡಗಿದಳು. ಹಿಂದೆಯೇ ಬಂದು ನಿಂತಿದ್ದ ಗುಡದಪ್ಪ ಇದನ್ನೆಲ್ಲ ನೋಡುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿರುವಾಗ ಇಷ್ಟು ಖುಷಿಪಡುವ ಹುಡುಗಿ ತನ್ನ ಮಗಳೇ ಇರಬೇಕು ಎಂದು ಆತನಿಗೆ ಅನಿಸಿದ್ದು ಆಗಲೇ. ಅದನ್ನು ಆತ ಮಂಗಳವ್ವನಿಗೆ ಹೇಳಿದ್ದು ಬಹಳ ದಿನಗಳ ಮೇಲೆ.

ಘಾಟು ಇಳಿದ ಮೇಲೆ ಪ್ರಿಯಾಂಕಾ ಶ್ವೇತಾ ಮೇಡಂ ಹತ್ತಿರ ಹೋಗಿ ಕೇಳಿದಳು. ಗಾಳಿ ಎತ್ತಲಿಂದ ಬಂದು ಎತ್ತ ಹೋಗುತ್ತದೆ ಎಂಬುದನ್ನು ಈ ಕೋರ್ಸಿನಲ್ಲಿ ಕಲಿಸುತ್ತಾರೆಯೇ? ಮೇಡಂ ಮುಚ್ಚಿಡದೆ ಹೇಳಿದರು. ಒಂದಿಷ್ಟು ಇದೆ, ಬೇಕಾದಷ್ಟು. ಆದರೆ ನಮ್ಮ ಗಮನವೆಲ್ಲ ಆಹಾರದ ಮೇಲೆ: ಅದರಲ್ಲಿ ಏನಿದೆ, ಅದು ಹೇಗೆ ಕೆಡುತ್ತದೆ, ಹೇಗೆ ಕೆಡದಂತೆ ಇಡಬೇಕು. ಗಾಳಿಯನ್ನೇ ಹಿಡಿದು ಕೂರುವವರು ಮೆಕ್ಯಾನಿಕಲ್‌ನವರು.

ಮರಳುವಾಗ ರಾಣೇಬೆನ್ನೂರು ಬಸ್ ನಿಲ್ದಾಣದ ಎದುರು ತಂದೆ ಮಗಳು ಮಂಡಕ್ಕಿ, ಮಿರ್ಚಿ ಭಜಿ ತೆಗೆದುಕೊಂಡು ಬೆಂಚಿನ ಮೇಲೆ ಕೂತರು. ಅಷ್ಟೆಲ್ಲ ಆದ ಮೇಲೂ ಮಿರ್ಚಿ ಭಜಿಯೇ ಬೇಕೆನಿಸಿದ್ದು ಇಬ್ಬರಿಗೂ ವಿಚಿತ್ರವಾಗಿ ಕಾಣಲಿಲ್ಲ.

“ಅಪ್ಪಾ, ನಾ ಮೆಕ್ಯಾನಿಕಲ್ ತಗೊಂತೇನಿ.”

ಗುಡದಪ್ಪ ಕೈಯಲ್ಲಿದ್ದ ಭಜಿಯನ್ನು ಕಾಗದದ ಮೇಲೆ ಇಳಿಸಿದ. “ನಾ ಊರ ತುಂಬ ಹೇಳೇನಲ್ಲವಾ.”

“ಹೇಳಿದಾಂವ ನೀನು. ನಾ ಹೇಳಿಲ್ಲ.”

ಬಸ್ಸೊಂದು ಬಂದು ಹೋಯಿತು. ಪ್ರಿಯಾಂಕಾ ತನಗೆ ತಿಳಿದಂತೆ ವಿವರಿಸಿದಳು. ಎಲ್ಲರೂ ಕೆಮ್ಮುತ್ತ ನಿಂತಾಗ ಆ ಗುತ್ತಲದ ಹುಡುಗಿಗೆ ಮೆಣಸಿನಕಾಯಿಯೊಳಗೆ ಏನಿದೆ ಎಂಬುದು ಬೇಕಿತ್ತು. ತನಗೆ ಅದು ನೆನಪಿಗೂ ಬರಲಿಲ್ಲ, ಘಾಟು ಎತ್ತ ಹೋಗುತ್ತಿದೆ ಎಂಬುದೇ ಬೇಕಿತ್ತು. ಅವ್ವ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಗುಡದಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, ಬಸ್ಸಿನ ಸಪ್ಪಳದಲ್ಲಿ ಕೇಳಿಸದಿದ್ದರೂ ಸರಿ ಎನ್ನುವಂತೆ ಹೇಳಿದ.

“ನನ್ನಂಗ ಆಗ್ತಿ ನೋಡವಾ. ಎಲ್ಲಾ ಬರ್ತೈತಿ, ಹೆಸರ ಮಾತ್ರ ಯಾರಿಗೂ ಗೊತ್ತಿರಂಗಿಲ್ಲ.”

“ನಿನ್ನಂಗ ಆದ್ರ ಏನಾತಪಾ?”

ಆ ಪ್ರಶ್ನೆಯನ್ನು ಗುಡದಪ್ಪನಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೈ ಚಾಚಿ ಮಗಳ ಪಾಲಿನ ಭಜಿಯನ್ನು ಎತ್ತಿಕೊಂಡು ಕಚ್ಚಿದ. ಬಹಳ ಹೊತ್ತು ಅಗಿದ.

“ಇದ ಭಾಳ ಸಪ್ಪಗೈತಿ,” ಎಂದ. ನುಂಗಿದ ಮೇಲೆ, “ಹಾವೇರಿಗೆ ಮುಂಜಾನೆ ಮೊದಲನೇ ಬಸ್ ಎಷ್ಟಕ್ಕೈತಿ, ಗೊತ್ತೈತೇನು?” ಎಂದು ಕೇಳಿದ.

ಪ್ರಿಯಾಂಕಾಳಿಗೆ ಗೊತ್ತಿತ್ತು. ಪಿಯುಸಿಯ ಎರಡು ವರ್ಷ ಅದೇ ಬಸ್ಸಿಗೆ ಓಡಿದವಳು ಅವಳು. ಅಪ್ಪನಿಗೂ ಅದು ಗೊತ್ತಿತ್ತು.

ಮರುದಿನ ಬ್ಯಾಡಗಿಯ ಕಂಪ್ಯೂಟರ್ ಸೆಂಟರಿನಲ್ಲಿ ಮೆಕ್ಯಾನಿಕಲ್ ಮೊದಲ ಸಾಲಿಗೆ ಬಂತು. ಗುಡದಪ್ಪ ಪಕ್ಕದಲ್ಲಿ ನಿಂತು, ಉಳಿಸುವ ಗುಂಡಿಯನ್ನು ಸರಿಯಾಗಿ ಒತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ವಿಚಾರಿಸಿದ. ಸುದ್ದಿ ಕೇಳಿದ ಮಂಗಳವ್ವ, ಅಂತೂ ಬಾಯಿ ಬಿಟ್ಟೆಲ್ಲ ಎಂದಷ್ಟೇ ಹೇಳಿ, ಸಂಜೆ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದಳು. ಸರ್ಫರಾಜ ತನ್ನ ಮಾತೇ ನಡೆಯಿತೆಂದು ತಿಳಿದು ಓಣಿಗೆಲ್ಲ ಚಹಾ ಕುಡಿಸಿದ. ಅವನ ಖುಷಿಯನ್ನು ಕೆಡಿಸಲು ಯಾರಿಗೂ ಮನಸ್ಸಾಗಲಿಲ್ಲ.

ಉಳಿದವರು ಸಾವ್ಕಾರರು. ಗುಡದಪ್ಪ ತಾನೇ ಹೋಗಿ ಹೇಳಿದ, ಪ್ರಯೋಗಾಲಯದ ಕಥೆಯನ್ನೂ ಬಿಡದೆ. ತಾನು ಸೀನಿದ ಭಾಗವನ್ನು ಮಾತ್ರ ಬಿಟ್ಟ. ರುದ್ರಮುನಿಯವರು ಕೋಪ ಮಾಡಿಕೊಳ್ಳಲಿಲ್ಲ. ಅವರ ಗಿರಣಿಯ ಘಾಟಿನ ಬಗ್ಗೆ ಓಣಿಯ ಹಿಂದೆ ಹೊಸ ಮನೆ ಕಟ್ಟಿಸಿಕೊಂಡವರು ಆಗಲೇ ತಕರಾರು ಎತ್ತಿದ್ದರು.

“ಹಂಗಾದ್ರ ನಮ್ಮ ಗಿರಣಿ ಘಾಟ ಎತ್ತ ಹೋಗ್ತೈತಿ ನೋಡಾಕ ಹೇಳು ನಿನ್ನ ಮಗಳಿಗೆ. ಕುರ್ಚಿ ಏನೂ ಓಡಿ ಹೋಗಂಗಿಲ್ಲ,” ಎಂದರು.

ಈಗ ಪ್ರಿಯಾಂಕಾ ಮೂರನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿನಿ. ಮೋಟೆಬೆನ್ನೂರಿನಿಂದ ಹಾವೇರಿಗೆ ದಿನಾ ಬಸ್ಸು. ಚೀಲದ ಜಿಪ್ಪಿಗೆ ಒಂದು ಹಳೆಯ ಸ್ಕ್ರೂ ತೂಗುತ್ತಿರುತ್ತದೆ. ಕಾಲೇಜಿನ ಮೊದಲ ದಿನ ಅಪ್ಪ ತೊಲೆಯಿಂದ ಬಿಚ್ಚಿಕೊಟ್ಟದ್ದು. ಗಣಿತದ ಒಂದು ಪೇಪರ್ ಅವಳನ್ನು ಒಮ್ಮೆ ಕೆಡವಿದೆ. ಉಷ್ಣ, ದ್ರವ, ಲೋಹ, ಚಲನೆ ಎಂದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಬೇಕಾದಾಗ ಬೇಸರವೂ ಬರುತ್ತದೆ ಎಂದು ಒಪ್ಪಿಕೊಳ್ಳುತ್ತಾಳೆ. ಗುತ್ತಲದ ಶ್ರೀದೇವಿ ಅಂದೇ ಮನಸ್ಸು ಮಾಡಿ ರಾಣೇಬೆನ್ನೂರಿನಲ್ಲಿ ಫುಡ್ ಟೆಕ್ನಾಲಜಿ ಸೇರಿದಳು. ಅವಳಿಗೆ ಬೇಸರವಿಲ್ಲ, ಫೋನ್ ಮಾಡಿದರೆ ಮೆಣಸಿನಕಾಯಿ ಬಿಟ್ಟು ಬೇರೆ ಮಾತಾಡುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ರೇಗಿಸುತ್ತ ಗೆಳತಿಯರಾಗಿದ್ದಾರೆ.

ಭಾನುವಾರಗಳಲ್ಲಿ ಪ್ರಿಯಾಂಕಾ ಮತ್ತು ಗುಡದಪ್ಪ ಸೇರಿ ಸಾವ್ಕಾರರ ಗಿರಣಿಗೆ ತಗಡಿನ ಒಂದು ಗೂಡು ಕಟ್ಟಿದರು. ಗಿರಣಿಯ ಬಾಯಿಯ ಮೇಲೆ ಬೋರಲು ಹಾಕಿದ ಬುಟ್ಟಿಯಂಥದ್ದು. ಅದಕ್ಕೊಂದು ಫ್ಯಾನು, ಫ್ಯಾನಿಗೊಂದು ಕೊಳವೆ. ಮೊದಲ ದಿನ ಅದು ಎಷ್ಟು ಚೆನ್ನಾಗಿ ಎಳೆಯಿತೆಂದರೆ ಘಾಟಿನ ಜೊತೆ ಸಣ್ಣ ಪುಡಿಯೂ ಹಾರಿಹೋಗಿ, ಹಿಂದಿನ ಮನೆಯ ಗುತ್ತೆವ್ವ ಮಾಳಿಗೆಯ ಮೇಲೆ ಒಣಹಾಕಿದ್ದ ಬಿಳಿ ಸಂಡಿಗೆಯೆಲ್ಲ ಕೆಂಪಾಯಿತು. ಆಕೆ ತಟ್ಟೆ ಹಿಡಿದುಕೊಂಡೇ ಜಗಳಕ್ಕೆ ಬಂದಳು. ಬಂದವಳು ಒಂದನ್ನು ಕರಿದು ತಿಂದು ನೋಡಿದ್ದಾಗಿಯೂ ಹೇಳಿದಳು.

“ರುಚಿ ಏನೋ ಚಲೋ ಆಗೇತಿ. ಆದ್ರ ಮುಂದಿನ ಸಲ ಹೇಳಿ ಹಾಕ್ರಿ,” ಎಂದು ತಟ್ಟೆ ಇಳಿಸಿದಳು.

ಸಣ್ಣ ಪುಡಿಯಲ್ಲೇ ಬಣ್ಣವಿರುತ್ತದೆ, ಅದನ್ನು ಹಾರಿಸಿಬಿಟ್ಟರೆ ಸಾವ್ಕಾರರ ಖಾರ ಮಂಕಾಗುತ್ತದೆ ಎಂದು ಎಚ್ಚರಿಸಿದ್ದು ಶ್ರೀದೇವಿ. ಪ್ರಿಯಾಂಕಾ ಕೊಳವೆಯ ತುದಿಗೆ ಬಟ್ಟೆಯ ಉದ್ದನೆಯ ಚೀಲ ಕಟ್ಟಿದಳು. ಗೋದಾಮಿನ ಹೆಂಗಸರನ್ನು ಕೂಡಿಸಿಕೊಂಡು ಮಂಗಳವ್ವ ಅದನ್ನು ಹೊಲಿದುಕೊಟ್ಟಳು. ಈಗ ಗಾಳಿ ಹೊರಗೆ ಹೋಗುತ್ತದೆ, ಪುಡಿ ಚೀಲದಲ್ಲಿ ಉಳಿಯುತ್ತದೆ. ಓಣಿಯಲ್ಲಿ ಘಾಟು ಪೂರಾ ಹೋಗಿಲ್ಲ. ಇನ್ನೊಂದು ಗಿರಣಿ ಇದ್ದೇ ಇದೆ. ಸಾವ್ಕಾರರ ಗಿರಣಿಯೊಳಗೆ ಮಾತ್ರ ಹೊರಗಿನವರೂ ಮೂಗು ಮುಚ್ಚಿಕೊಳ್ಳದೆ ನಿಲ್ಲಬಹುದು.

ಅದರಿಂದ ಒಂದು ತೊಂದರೆಯೂ ಆಯಿತು. ಹೋದ ತಿಂಗಳು ದಾವಣಗೆರೆ ಕಡೆಯ ವ್ಯಾಪಾರಿಯೊಬ್ಬ ಖಾರದ ಪುಡಿ ಕೊಳ್ಳಲು ಬಂದಿದ್ದ. ಗಿರಣಿಯೊಳಗೆ ನಿಂತು ಉಸಿರೆಳೆದ, ಸೀನು ಬರಲಿಲ್ಲ. ಇನ್ನೊಮ್ಮೆ ಎಳೆದ. ಮುಖದಲ್ಲಿ ಅನುಮಾನ ಮೂಡಿತು. ಘಾಟೇ ಇಲ್ಲವೆಂದರೆ ಇದು ಖರೇ ಮೆಣಸಿನಕಾಯಿಯೋ ಅಥವಾ ಬಣ್ಣ ಬೆರೆಸಿದ ಹೊಟ್ಟೋ ಎಂದು ನೇರವಾಗಿಯೇ ಕೇಳಿದ. ರುದ್ರಮುನಿಯವರು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅವರು ಪಕ್ಕದ ಶೆಡ್ಡಿಗೆ ಕೂಗು ಹಾಕಿದರು. ಗುಡದಪ್ಪ ಬಂದು ಫ್ಯಾನು ಆರಿಸಿದ. ಸ್ವಲ್ಪ ಹೊತ್ತಿನಲ್ಲೇ ವ್ಯಾಪಾರಿ ಬಾಗಿಲು ಹಿಡಿದು ಸೀನತೊಡಗಿದ, ಸೀನುತ್ತಲೇ ಸಾಕು ಎಂದು ಕೈಮಾಡಿದ. ವ್ಯವಹಾರ ಕುದುರಿತು.

ಮೂಗು ಒರೆಸಿಕೊಂಡು ಆತ ತಗಡಿನ ಗೂಡನ್ನು ತಲೆಯೆತ್ತಿ ನೋಡಿದ. ಇದನ್ನು ಮಾಡಿದವರು ಯಾರೆಂದು ವಿಚಾರಿಸಿದ. ಅಂದು ಭಾನುವಾರ. ಅಪ್ಪನ ಹಿಂದೆಯೇ ಬಂದು, ಫ್ಯಾನು ನಿಂತ ಹೊತ್ತಿನಲ್ಲಿ ಏಣಿ ಹತ್ತಿ ಚೀಲ ಝಾಡಿಸುತ್ತಿದ್ದ ಪ್ರಿಯಾಂಕಾಳ ಕಡೆ ಗುಡದಪ್ಪ ಗದ್ದ ಎತ್ತಿ ತೋರಿಸಿದ.

“ನನ್ನ ಮಗಳ್ರಿ, ಪ್ರಿಯಾಂಕಾ. ಹಾವೇರ್‍ಯಾಗ ಎಂಜಿನಿಯರಿಂಗ ಓದಾಕತ್ತಾಳ.”

“ಏನ ಎಂಜಿನಿಯರಿಂಗ್ರಿ?”

ಗುಡದಪ್ಪ ಹೊರಗೆ ಕಣ್ಣು ಹಾಯಿಸಿದ. ಬಾಗಿಲಾಚೆ ಅವನ ಶೆಡ್ಡಿನ ಫಲಕ ಕಾಣುತ್ತಿತ್ತು.

“ಎಲ್ಲಾ ತರದ್ದರಿ,” ಎಂದ.